ಗೀಟು ಎಳೆದವರು ಯಾರು?

ಮಾರ್ಚ್ ೩

ನಾದಿನಿಯವರಿಗೆ,

ಕ್ಷೇಮ ಸಮಾಚಾರ ಕೇಳಲು ಬರೆಯುತ್ತಿಲ್ಲ. ಮೂರು ವರ್ಷದಿಂದ ನಾವಿಬ್ಬರೂ ಕೇಳಿಕೊಂಡಿಲ್ಲ, ಅದರಿಂದ ಯಾರ ಕ್ಷೇಮಕ್ಕೂ ಕುಂದು ಬಂದ ಹಾಗಿಲ್ಲ. ನಿಮ್ಮ ಫೋನ್ ನಂಬರನ್ನು ನಾನೇ ಅಳಿಸಿ ಹಾಕಿದ್ದೆ. ನಿಮ್ಮಣ್ಣನನ್ನು ಕೇಳಿದರೆ "ಅವಳನ್ನ ಇದಕ್ಕೆ ಎಳೀಬೇಡ, ಅವಳಿಗೂ ಇದಕ್ಕೂ ಸಂಬಂಧ ಇಲ್ಲ" ಎಂದರು. ಸಂಬಂಧ ಇದೆಯೋ ಇಲ್ಲವೋ ನೀವೇ ಹೇಳಿ.

ಶನಿವಾರ ಸಂಜೆ, ನಮ್ಮ ರಂಗಮಂದಿರದಲ್ಲಿ ಹೊಸ ನಾಟಕದ ಮೊದಲನೆಯ ಆಟದಲ್ಲಿ, ಎರಡನೆಯ ದೃಶ್ಯದ ಕಿಟಕಿ ಒಬ್ಬ ಹುಡುಗಿಯ ಭುಜದ ಮೇಲೆ ಇಳಿಯಿತು. ಗಟ್ಟಿ ಮರದ ಚೌಕಟ್ಟು, ಇಬ್ಬರು ಹೊರಬೇಕು. ಮೇಲಿನಿಂದ ಹಗ್ಗದಲ್ಲಿ ಇಳಿದು ಅವಳ ತಲೆಗಿಂತ ಒಂದು ಮೊಳ ಮೇಲೆ ನಿಲ್ಲಬೇಕಾದದ್ದು. ಅವಳು ಅದರ ಕೆಳಗೆ ನಿಂತು, ಮೇಲೆ ನೋಡಿ, ತಾಯಿಯನ್ನು ಕರೆಯುವ ದೃಶ್ಯ. ಕಿಟಕಿ ನಿಲ್ಲಲಿಲ್ಲ. ನಾನು ಕೆಂಪು ಬಟನ್ ಗುದ್ದುವ ಹೊತ್ತಿಗೆ ಅವಳು ನೆಲದ ಮೇಲಿದ್ದಳು. ಜನ ಅದನ್ನೂ ನಾಟಕವೆಂದುಕೊಂಡು ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ಇನ್ನೂ ನನ್ನ ಕಿವಿಯಿಂದ ಹೋಗಿಲ್ಲ.

ಮ್ಯಾನೇಜರ್ ಎಲ್ಲರ ಎದುರು ಕೇಳಿದ್ದು ಒಂದೇ ಮಾತು: "ಏನಮ್ಮಾ, ಕಿಟಕಿಗೆ ಸೊನ್ನೆ ಯಾಕೆ ಹೊಡೆದೆ?" ನಾನು ಹೊಡೆಯಲಿಲ್ಲ. ಕಿಟಕಿಗೆ ಅದರ ಎತ್ತರವನ್ನೇ ಹಾಕಿ ಸಜ್ಜು ಮಾಡಿದ್ದೆ. ಆಮೇಲೆ, ಯಾವಾಗಲೂ ಮಾಡುವ ಹಾಗೆ, ಮುಂದಿನ ದೃಶ್ಯದ ಬಾಗಿಲಿಗೆ ಸೊನ್ನೆ ಹಾಕಿದೆ. ಬಾಗಿಲು ನೆಲ ಮುಟ್ಟಲೇಬೇಕು, ಅದಕ್ಕೆ ಸೊನ್ನೆ. ಆಮೇಲೆ ಕಿಟಕಿಯ ಬಟನ್ ಒತ್ತಿದೆ. ಆರು ವರ್ಷದಿಂದ ಹೀಗೇ ಮಾಡಿದ್ದೇನೆ. ಇದನ್ನೆಲ್ಲ ಹೇಳಿದರೆ "ನಿನ್ನ ಕೈ ತಪ್ಪಿದೆ" ಎಂದರು. ಸಸ್ಪೆಂಡ್ ಮಾಡಿದ್ದಾರೆ. ತಿಂಗಳ ಕೊನೆಗೆ ವಿಚಾರಣೆ.

ಹಗ್ಗ ಏರಿಸಿ ಇಳಿಸುವ ಆ ಯಂತ್ರಕ್ಕೆ ಪ್ರೋಗ್ರಾಮ್ ಬರೆದವರು ನೀವು. ಹಗ್ಗ ನನ್ನ ಕೈಯಲ್ಲಿದ್ದಾಗ, ನನ್ನಪ್ಪನ ಕೈಯಲ್ಲಿದ್ದಾಗ, ಒಂದು ಚೌಕಟ್ಟೂ ಯಾರ ಮೈಮೇಲೂ ಬಿದ್ದಿಲ್ಲ. ತಪ್ಪು ನಿಮ್ಮ ಪ್ರೋಗ್ರಾಮಿನದು ಎಂದು ಮ್ಯಾನೇಜರಿಗೆ ಬರೆದು ಕಳಿಸಿ. ಉತ್ತರ ಮನೆಗೆ ಬೇಡ, ನನ್ನ ತಂಗಿಯ ಹೊಲಿಗೆ ಅಂಗಡಿಗೆ ಹಾಕಿ. ವಿಳಾಸ ಹಿಂದುಗಡೆ ಇದೆ.

ನಿಮ್ಮ ಅಣ್ಣನ ಹೆಂಡತಿ


ಮಾರ್ಚ್ ೯

ಅತ್ತಿಗೆ,

ನನಗಿಂತ ದೊಡ್ಡವರು ನೀವು, ನನಗೆ "ನೀವು" ಎಂದು ಬರೆದಿದ್ದೀರಿ. ಸಿಟ್ಟು ಎಷ್ಟಿದೆ ಎನ್ನುವುದು ಅದರಲ್ಲೇ ಗೊತ್ತಾಯಿತು. ನನಗೂ ಇದೆ.

ಹುಡುಗಿಯ ವಿಷಯ ಓದಿ ಸಂಕಟವಾಯಿತು. ಆದರೆ ಸಂಕಟವಾಯಿತೆಂದು ಮಾಡದ ತಪ್ಪನ್ನು ನಾನು ತಲೆಯ ಮೇಲೆ ಹೊತ್ತುಕೊಳ್ಳಬೇಕೆ? ಆರು ವರ್ಷ ಸರಿಯಾಗಿ ನಡೆದ ಪ್ರೋಗ್ರಾಮ್ ಏಳನೆಯ ವರ್ಷ ಒಂದು ಶನಿವಾರ ತಾನಾಗಿಯೇ ಹುಚ್ಚು ಹಿಡಿಸಿಕೊಳ್ಳುವುದಿಲ್ಲ. ಕಿಟಕಿಗೆ ಒಂದು ಎತ್ತರ ಕೊಟ್ಟು ಸಜ್ಜು ಮಾಡಿದ ಮೇಲೆ, ನೀವು ಬಾಗಿಲಿಗೆ ಸೊನ್ನೆಯನ್ನಾದರೂ ಹಾಕಿ ಸಾವಿರವನ್ನಾದರೂ ಹಾಕಿ, ಕಿಟಕಿ ತನ್ನ ಎತ್ತರ ಬಿಟ್ಟು ಕದಲುವುದಿಲ್ಲ. ಹಾಗೆಂದೇ ಬರೆದದ್ದು. ಅದಕ್ಕಾಗಿಯೇ ಲಿಸ್ಪ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದದ್ದು. ನೀವು ಹೇಳುವುದು ಆಗದ ಮಾತು. ಒಂದೋ ನೀವು ಅಂಕಿ ಹಾಕುವಾಗ ನೋಡಿಲ್ಲ, ಇಲ್ಲವೇ ಯಾರೋ ಏನೋ ಮುಟ್ಟಿದ್ದಾರೆ.

"ಹಗ್ಗ ಎಳೆಯುವವಳು" ಎಂದು ನಾನು ಮೂರು ವರ್ಷದ ಹಿಂದೆ ಆಡಿದ ಮಾತನ್ನು ನೀವಿನ್ನೂ ಹಿಡಿದುಕೊಂಡು ಕೂತಿದ್ದೀರಿ. ಆ ಸಿಟ್ಟನ್ನು ಈಗ ನನ್ನ ಪ್ರೋಗ್ರಾಮಿನ ಮೇಲೆ ತೀರಿಸಬೇಡಿ.

ನಿಮ್ಮ ಹತ್ತಿರ ಪ್ರೋಗ್ರಾಮಿನ ಪ್ರಿಂಟ್ ಏನಾದರೂ ಇದ್ದರೆ ಕಳಿಸಿ, ನೋಡಿ ಹೇಳುತ್ತೇನೆ. ಇಲ್ಲದಿದ್ದರೆ ಮ್ಯಾನೇಜರಿಗೆ ನಾನು ಬರೆಯಬಹುದಾದದ್ದು ಒಂದೇ: ತಪ್ಪು ಯಂತ್ರದ್ದಲ್ಲ. ಅದರಿಂದ ನಿಮಗೆ ಒಳ್ಳೆಯದಾಗುವುದಿಲ್ಲ, ಆದ್ದರಿಂದ ಬರೆಯುತ್ತಿಲ್ಲ. ಇಷ್ಟು ಉಪಕಾರ ಸಾಕು.

ನಿಮ್ಮ ನಾದಿನಿ


ಮಾರ್ಚ್ ೧೪

ಏನೇ,

ಇನ್ನು ನೀವು ಗೀವು ಇಲ್ಲ. ಉಪಕಾರ ಮಾಡುವವಳಂತೆ! ನಿನ್ನ ಉಪಕಾರವನ್ನು ಉಪ್ಪು ಹಾಕಿ ನೆಕ್ಕಿಕೋ.

ಅಂಕಿ ಹಾಕುವಾಗ ನಾನು ನೋಡಿಲ್ಲವೇ? ರಾಟೆಯ ಕಿರುಗುಟ್ಟುವಿಕೆ ಕೇಳಿಯೇ ಯಾವ ಹಗ್ಗ ಸವೆದಿದೆ ಎನ್ನುವ ಮನೆಯಲ್ಲಿ ಹುಟ್ಟಿದವಳು ನಾನು. ಯಂತ್ರ ಬಂದಾಗ ಹೊಸದಾಗಿ ಕಲಿತೆ, ಯಾರ ಮುಂದೆಯೂ ಮೂಗು ಮುರಿಯಲಿಲ್ಲ. ಆದರೆ ಒಂದು ವಿಷಯದಲ್ಲಿ ನನಗೆ ಮೊದಲಿನಿಂದಲೂ ಸಮಾಧಾನ ಇರಲಿಲ್ಲ. ಬಟನ್ ಒತ್ತಿದರೆ ಏನಾಗುತ್ತದೆಂದು ನನಗೆ ಕಾಣುತ್ತಿರಲಿಲ್ಲ. ಹಗ್ಗವಾದರೆ ಕಣ್ಣೆದುರು ಇರುತ್ತದೆ. ನಿನ್ನ ಪ್ರೋಗ್ರಾಮಿನ ಪಟ್ಟಿ ತೆಗೆದರೆ ಒಂದೊಂದು ಬಟನ್ ಮುಂದೆಯೂ ಬರೀ ಕಾಗೆ ಕಾಲು ಗುಬ್ಬಿ ಕಾಲು. ಅದಕ್ಕೇ ಈ ಹೊಸ ನಾಟಕ ಬಂದಾಗ, ರಂಗಮಂದಿರದಲ್ಲಿ ಆ ಯಂತ್ರ ನೋಡಿಕೊಳ್ಳುವ ನಿಮ್ಮಣ್ಣನಿಗೇ ಗಂಟುಬಿದ್ದೆ: "ರೀ, ಕಣ್ಣಿಗೆ ಬಟ್ಟೆ ಕಟ್ಕೊಂಡು ಬಟನ್ ಒತ್ತೋದು ನನ್ನ ಕೈಲಾಗಲ್ಲ. ಯಾವುದು ಏನು ಮಾಡುತ್ತೆ ಅಂತ ಓದೋ ಹಾಗೆ ಬರಬೇಕು." ಪಾಪ, ಒಂದು ವಾರ ಒದ್ದಾಡಿ, ಓದಲು ಬರುವ ಹಾಗೆ ಪ್ರಿಂಟ್ ತೆಗೆದು ಕಂಟ್ರೋಲ್ ರೂಮಿನ ಗೋಡೆಗೆ ಅಂಟಿಸಿಕೊಟ್ಟರು.

ನನ್ನನ್ನು ಹೊರಗೆ ಕಳಿಸಿದ ದಿನ ಸಿಟ್ಟಿಗೆ ಅದನ್ನು ಕಿತ್ತುಕೊಂಡು ಬಂದೆ. ಅದೇ ಇದು. ಮೂಲೆ ಹರಿದಿದೆ, ಅಂಟು ಮೆತ್ತಿದೆ. ನೋಡಿ ಹೇಳು, ದೊಡ್ಡ ಪಂಡಿತೆ.

ನಿನ್ನ ಅತ್ತಿಗೆ


ಮಾರ್ಚ್ ೧೯

ಅತ್ತಿಗೆ,

ಪ್ರಿಂಟ್ ತಲುಪಿತು. ನೋಡಿದೆ.

ತಪ್ಪು ನಿಮ್ಮದಲ್ಲ. ಅಷ್ಟು ಮಾತ್ರ ನಿಜ, ಅದರಲ್ಲಿ ಅನುಮಾನ ಇಟ್ಟುಕೊಳ್ಳಬೇಡಿ. ಉಳಿದದ್ದನ್ನು ಈಗಲೇ ಬರೆಯಲಾರೆ. ಯಂತ್ರದಲ್ಲಿ ಈಗ ಇರುವ ಪ್ರತಿಯನ್ನು ಕಳಿಸಿಕೊಡಲು ರಂಗಮಂದಿರದ ಆಫೀಸಿಗೆ ಕೇಳಿದ್ದೇನೆ. ಅದು ಬರುವವರೆಗೆ ಯಾರ ಹತ್ತಿರವೂ ಏನೂ ಹೇಳಬೇಡಿ, ಮನೆಯಲ್ಲೂ.

ಹೋದ ಪತ್ರದಲ್ಲಿ ಒರಟಾಗಿ ಬರೆದೆ. ಅಣ್ಣ ಹೇಗಿದ್ದಾನೆ? ಸರಿಯಾಗಿ ಊಟ ಮಾಡುತ್ತಾನಾ?

ನಿಮ್ಮ ನಾದಿನಿ


ಮಾರ್ಚ್ ೨೩

ನಾದಿನಿ,

ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದರೆ ಊರಿಗೆ ಕಾಣುವುದಿಲ್ಲವೇ? ಮೊದಲನೆಯ ಪತ್ರದಲ್ಲಿ ಅಷ್ಟು ಉದ್ದ ಬಾಯಿ. ಪ್ರಿಂಟ್ ನೋಡಿದ ಮೇಲೆ ನಾಲ್ಕೇ ಸಾಲು, ಅದರಲ್ಲೂ ಬೆಣ್ಣೆ. ತಪ್ಪು ನನ್ನದಲ್ಲ ಅಂದರೆ ಯಾರದು? ಹೇಳಲು ನಾಲಿಗೆ ಏಳುತ್ತಿಲ್ಲ, ಯಾಕೆಂದರೆ ಅದು ನಿನ್ನದು. ಮನೆಯಲ್ಲೂ ಹೇಳಬಾರದಂತೆ! ಅಣ್ಣನ ಎದುರು ಮಾನ ಹೋಗುತ್ತದೆಂಬ ಭಯವೇ?

ನಿನ್ನೆ ಆಸ್ಪತ್ರೆಗೆ ಹೋಗಿದ್ದೆ. ಹುಡುಗಿಯ ಭುಜಕ್ಕೆ ತಗಡು ಹಾಕಿ ಸ್ಕ್ರೂ ಬಿಗಿದಿದ್ದಾರೆ. ಕೈ ಪೂರ್ತಿ ಮೇಲೆತ್ತಲು ಆಗುತ್ತದೋ ಇಲ್ಲವೋ ಡಾಕ್ಟರ್ ಹೇಳುತ್ತಿಲ್ಲ. ಬಾಗಿಲಲ್ಲೇ ಅವಳ ತಾಯಿ ಅಡ್ಡ ನಿಂತರು. "ಅವತ್ತು ನನ್ನ ಕಾಲ ಹತ್ರ ಕೂತಿದ್ದವಳು ಇವಳೇ ಅಲ್ವಾ? ಯಾವ ಮುಖ ಇಟ್ಕೊಂಡು ಮತ್ತೆ ಬಂದ್ಯಮ್ಮಾ?" ಎಂದರು. ನಾನಲ್ಲ ಎನ್ನಲು ಬಾಯಿ ತೆರೆದೆ. ಹಾಗಾದರೆ ಯಾರು ಎಂದು ಕೇಳಿದರೆ ನನ್ನ ಹತ್ತಿರ ಏನಿತ್ತು? ತಂದಿದ್ದ ಹಣ್ಣನ್ನು ಕುರ್ಚಿಯ ಮೇಲಿಟ್ಟು ಬಂದೆ. ಮೆಟ್ಟಿಲು ಇಳಿಯುವಾಗ ಅದನ್ನು ಕಸದ ಬುಟ್ಟಿಗೆ ಹಾಕಿದ ಸದ್ದು ಕೇಳಿಸಿತು.

ನಿಮ್ಮಣ್ಣ ಹೇಗಿದ್ದಾರೆ ಎಂದು ಕೇಳಿದ್ದೀಯ. ದೇವರಂಥ ಮನುಷ್ಯ. ಅಡುಗೆ ಅವರೇ ಮಾಡುತ್ತಿದ್ದಾರೆ. ನನ್ನ ಬಟ್ಟೆ ಒಗೆದು ಒಣಗಿಸಿ ಮಡಚಿಡುತ್ತಾರೆ. "ನೀನು ಯೋಚನೆ ಮಾಡ್ಬೇಡ, ವಿಚಾರಣೇಲಿ ಕೈ ತಪ್ಪಾಯ್ತು ಅಂತ ಒಪ್ಕೊಂಡ್ಬಿಡು, ಸುಮ್ನೆ ಎಳೆದಾಡೋದು ಬೇಡ" ಎನ್ನುತ್ತಾರೆ. ಅವರೂ ನಾನೇ ಮಾಡಿದ್ದೆಂದು ನಂಬಿದ್ದಾರೆ, ಆದರೂ ಒಂದು ಬಿರುನುಡಿ ಆಡಿಲ್ಲ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ಇಷ್ಟು ಬೇರೆಯಾಗುವುದು ಹೇಗೆ?

ನಿನ್ನ ಪ್ರತಿ ಬರಲಿ, ಬಿಡಲಿ. ವಿಚಾರಣೆಯ ದಿನ ಮ್ಯಾನೇಜರಿಗೆ ಬರೆದು ಕೊಡುತ್ತೇನೆ: ತಪ್ಪು ಪ್ರೋಗ್ರಾಮ್ ಬರೆದವಳದು, ಅವಳಿಗೂ ಅದು ಗೊತ್ತು, ಮುಚ್ಚಿಡುತ್ತಿದ್ದಾಳೆ. ನೀನು ಕೆಲಸ ಮಾಡುವ ಕಡೆಗೂ ಒಂದು ಪ್ರತಿ ಹೋಗುತ್ತದೆ.

ಅತ್ತಿಗೆ


ಮಾರ್ಚ್ ೨೭

ಅತ್ತಿಗೆ,

ಕೊಡಿ, ಎಲ್ಲರಿಗೂ ಬರೆದು ಕೊಡಿ. ಆದರೆ ಮೊದಲು ಇದನ್ನು ಪೂರ್ತಿ ಓದಿ. ನಿಮ್ಮ ದೇವರಂಥ ಮನುಷ್ಯನ ವಿಷಯ ಓದಿದ ಮೇಲೆ ನನಗೆ ಮೈಯೆಲ್ಲ ಉರಿಯುತ್ತಿದೆ. ಇನ್ನು ಸುಮ್ಮನಿರಲಾರೆ.

ನೀವು ಕಳಿಸಿದ ಪ್ರಿಂಟಿನಲ್ಲಿ ಒಂದೊಂದು ಬಟನ್ ಮುಂದೆಯೂ ಒಂದು ಕಂಸ ಶುರುವಾಗುತ್ತದೆ. ಅದರ ಮೊದಲನೆಯ ಪದ ಲ್ಯಾಂಬ್ಡಾ. ಹಾಗೆಂದರೆ ಹೆಸರಿಡದೆ ಬರೆದ ಕೆಲಸ: "ಈ ಹಗ್ಗವನ್ನು ಹೇಳಿದ ಎತ್ತರಕ್ಕೆ ಇಳಿಸಿ ನಿಲ್ಲಿಸು." ಆ ಕಂಸಕ್ಕೆ ಮೊದಲು, ಸ್ವಲ್ಪ ಮೇಲೆ, ಒಂದು ಸಣ್ಣ ಗೀಟು ಇದೆ. ನೊಣದ ಕಾಲಿನಷ್ಟು. ಎಲ್ಲ ಬಟನ್‌ಗೂ ಇದೆ. ಆ ಗೀಟನ್ನು ನಾನು ಎಳೆದವಳಲ್ಲ.

ನಿಮ್ಮ ತಂದೆ ಹಗ್ಗ ಎಲ್ಲಿ ನಿಲ್ಲಬೇಕೋ ಅಲ್ಲಿಗೆ ಕೆಂಪು ದಾರ ಕಟ್ಟುತ್ತಿದ್ದರು ಎಂದು ಅಣ್ಣ ಹೇಳುತ್ತಿದ್ದ. ನನ್ನ ಲ್ಯಾಂಬ್ಡಾ ಮಾಡುವುದೂ ಅದನ್ನೇ. ನೀವು ಸಜ್ಜು ಮಾಡಿದ ಕ್ಷಣ ಅಲ್ಲಿರುವ ಎತ್ತರವನ್ನು ತನ್ನ ಜೊತೆ ಕಟ್ಟಿಕೊಂಡುಬಿಡುತ್ತದೆ. ಆಮೇಲೆ ಹೊರಗೆ ಯಾರು ಏನು ಬರೆದರೂ ಅದಕ್ಕೆ ಲೆಕ್ಕವಿಲ್ಲ. ಕಂಸಕ್ಕೆ ಮೊದಲು ಆ ಗೀಟು ಎಳೆದರೆ ಯಂತ್ರ ಅದನ್ನು ಕೆಲಸವೆಂದು ನೋಡುವುದಿಲ್ಲ, ಬರೀ ಬರಹವೆಂದು ಎತ್ತಿಡುತ್ತದೆ. ದಾರ ಕಟ್ಟುವುದಿಲ್ಲ. "ಎತ್ತರದಲ್ಲಿ ನಿಲ್ಲಿಸು" ಎಂಬ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡ ಹಾಗೆ. ಬಟನ್ ಒತ್ತಿದಾಗ ಚೀಟಿ ತೆಗೆದು ಓದುತ್ತದೆ. ಎತ್ತರದ ಅಂಕಿ ಹಾಕುವ ಜಾಗ ಎಲ್ಲ ಹಗ್ಗಕ್ಕೂ ಒಂದೇ, ಅಲ್ಲಿ ಎಷ್ಟಿದೆ ಎಂದು ಆಗ ನೋಡುತ್ತದೆ. ಆಗ ಅಲ್ಲಿದ್ದದ್ದು ನೀವು ಬಾಗಿಲಿಗೆಂದು ಹಾಕಿದ್ದ ಸೊನ್ನೆ. ತಾಲೀಮಿನಲ್ಲಿ ಒಂದೊಂದೇ ದೃಶ್ಯ ಮಾಡಿರುತ್ತೀರಿ, ಎತ್ತರ ಬದಲಾಗಿರುವುದಿಲ್ಲ. ಅದಕ್ಕೇ ಗೊತ್ತಾಗಲಿಲ್ಲ.

ಗೀಟಿನಿಂದ ಒಂದೇ ಒಂದು ಲಾಭ. ಬರಹ ಬರಹವಾಗಿಯೇ ಉಳಿಯುವುದರಿಂದ ಪ್ರಿಂಟಿನಲ್ಲಿ ಓದಲು ಬರುತ್ತದೆ. ನೀವು ಕೇಳಿದ್ದು ಅದನ್ನೇ. ಅಣ್ಣ ಅರ್ಧ ಕಲಿತವನು. ಕಲಿಸಿದವಳು ನಾನೇ. ಗೀಟು ಹಾಕಿದರೆ ಓದಲು ಬರುತ್ತದೆ ಎನ್ನುವವರೆಗೆ ಅವನಿಗೆ ಗೊತ್ತಿತ್ತು, ಅದರಿಂದಾಚೆ ಗೊತ್ತಿರಲಿಲ್ಲ. ಅಲ್ಲಿಯವರೆಗೆ ಅದು ತಪ್ಪಷ್ಟೇ. ತಪ್ಪು ಯಾರಿಂದಲೂ ಆಗುತ್ತದೆ.

ಆದರೆ ಆಫೀಸಿನಿಂದ ಬಂದ ಈಗಿನ ಪ್ರತಿಯಲ್ಲಿ ಒಂದು ಗೀಟೂ ಇಲ್ಲ, ಅತ್ತಿಗೆ. ಕೊನೆಯ ಸಲ ತಿದ್ದಿದ ದಿನಾಂಕವನ್ನು ಯಂತ್ರ ತಾನೇ ಬರೆದಿಟ್ಟುಕೊಳ್ಳುತ್ತದೆ. ಅದು ಆ ಶನಿವಾರದ ಮರುದಿನ, ಬೆಳಿಗ್ಗೆ. ನೀವು ಆಗ ಎಲ್ಲಿದ್ದಿರಿ? ಪಾಸ್‌ವರ್ಡ್ ಇರುವುದು ಒಬ್ಬನ ಹತ್ತಿರ.

ಗೊತ್ತಿದ್ದೂ ಸುಮ್ಮನಿದ್ದಾನೆ. ಗೊತ್ತಿದ್ದೂ ನಿಮಗೆ "ಕೈ ತಪ್ಪಾಯ್ತು ಅಂತ ಒಪ್ಕೋ" ಎಂದಿದ್ದಾನೆ. ನಾನು ಹತ್ತೊಂಬತ್ತನೇ ತಾರೀಕು ಏನೂ ಬರೆಯಲಿಲ್ಲ, ಯಾಕೆಂದರೆ ಗೀಟು ಎಳೆದದ್ದು ಅವನೇ ಎಂದು ನೋಡಿದ ಕೂಡಲೇ ತಿಳಿದಿತ್ತು. ಅವನಿಗೂ ಗೊತ್ತಿಲ್ಲದಿರಲಿ ಎಂದು ಕಾಯುತ್ತಿದ್ದೆ. ಅಪ್ಪ ಹೋದ ಮೇಲೆ ನನಗೆ ಜಡೆ ಹಾಕಿ ಶಾಲೆಗೆ ಕಳಿಸಿದವನು ಅವನು. ನಿನ್ನೆ ಫೋನ್ ಮಾಡಿ ಕೇಳಿದೆ. "ದೂರದಲ್ಲಿ ಕೂತು ನ್ಯಾಯ ಹೇಳೋದು ಸುಲಭ ಕಣೇ" ಎಂದು ಇಟ್ಟುಬಿಟ್ಟ.

ಇದನ್ನೆಲ್ಲ ವಿವರವಾಗಿ ಬರೆದು ಸಹಿ ಮಾಡಿದ್ದೇನೆ, ಜೊತೆಗಿದೆ. ವಿಚಾರಣೆಯಲ್ಲಿ ಕೊಡಿ. ಕೊಡದೆ ಅವನನ್ನು ಉಳಿಸಿದಿರೋ, ಈ ಜನ್ಮದಲ್ಲಿ ನಿಮ್ಮಿಬ್ಬರ ಮುಖವನ್ನೂ ನೋಡುವುದಿಲ್ಲ.

ನಾದಿನಿ


ಏಪ್ರಿಲ್ ೪

ನಾದಿನಿ,

ನಿನ್ನ ಪತ್ರವನ್ನು ತಂಗಿಯ ಅಂಗಡಿಯಲ್ಲಿ ನಿಂತೇ ಓದಿದೆ. ಹೊಲಿಗೆ ಮಷೀನಿನ ಸದ್ದಿನಲ್ಲಿ ಮೊದಲ ಸಲ ಅರ್ಥವಾಗಲಿಲ್ಲ, ಎರಡನೆಯ ಸಲ ಆಯಿತು. ತಂಗಿ "ಏನಕ್ಕಾ, ಯಾರಾದ್ರೂ ಹೋಗ್ಬಿಟ್ರಾ?" ಎಂದಳು. ಹೂಂ ಎಂದು ಮನೆಗೆ ನಡೆದೆ.

ಬಾಲ್ಕನಿಯಲ್ಲಿ ನನ್ನ ಬಟ್ಟೆ ಒಣಗಹಾಕುತ್ತಿದ್ದರು. ಬಾಯಲ್ಲಿ ಕ್ಲಿಪ್ಪು.

"ಗೀಟು ಎಳೆದಿದ್ದು ನೀವಾ?" ಎಂದೆ.

ಕ್ಲಿಪ್ಪು ತೆಗೆದು, "ನಿನಗೆ ಓದೋಕೆ ಬರ್ಲಿ ಅಂತ" ಎಂದರು.

"ಅಳಿಸಿದ್ದು?"

ಕೈಯಲ್ಲಿದ್ದ ಬಟ್ಟೆಯನ್ನು ಹಿಂಡಿದ್ದನ್ನೇ ಹಿಂಡುತ್ತಿದ್ದರು.

"ಇಬ್ಬರ ಕೆಲಸಾನೂ ಹೋದ್ರೆ ಮನೆ ನಡೆಯೋದು ಹೇಗೆ ಹೇಳು? ಒಬ್ಬರದಾದ್ರೂ ಉಳೀಲಿ ಅಂತ..."

"ಹೋಗಬೇಕಾದ ಆ ಒಬ್ಬರು ನಾನೇ ಯಾಕೆ?"

"ನಿಂಗೆ ಎಲ್ಲಾದ್ರೂ ಕೆಲಸ ಸಿಗುತ್ತೆ. ನಂಗೆ ಸಿಗಲ್ಲ."

ಎಷ್ಟು ಲೆಕ್ಕಾಚಾರ ನೋಡು! ಆ ಭಾನುವಾರ, ಆಸ್ಪತ್ರೆಯಲ್ಲಿ ನಾನು ಆ ತಾಯಿಯ ಕಾಲ ಹತ್ತಿರ ಕೂತಿದ್ದ ಬೆಳಿಗ್ಗೆ, ಇವರು ಈ ಲೆಕ್ಕ ಹಾಕುತ್ತಿದ್ದರು. "ಆ ಹುಡುಗಿ ತಾಯಿ ನನ್ನ ಮುಖಕ್ಕೆ ಉಗಿಯೋದೊಂದು ಬಾಕಿ ಇತ್ತು. ನೀವು ಸಾರಿಗೆ ಒಗ್ಗರಣೆ ಹಾಕ್ತಾ ಇದ್ರಿ" ಎಂದೆ. ಅತ್ತರು. ಅಳಲಿ ಎಂದು ಬಿಟ್ಟೆ. ತೊಯ್ದ ಬಟ್ಟೆಯನ್ನೂ ಹಾಗೇ ಚೀಲಕ್ಕೆ ತುಂಬಿಕೊಂಡು ತಂಗಿಯ ಮನೆಗೆ ಬಂದೆ.

ವಿಚಾರಣೆಯಲ್ಲಿ ನಿನ್ನ ಕಾಗದ ಕೊಟ್ಟೆ. ಮ್ಯಾನೇಜರ್ ಓದಿ, ಮಗುಚಿ, ಮತ್ತೆ ಓದಿ, "ನೋಡಮ್ಮಾ, ಈ ಗೀಟು ಗಾಟು ಎಲ್ಲ ನಮಗೆ ತಿಳಿಯಲ್ಲ. ನಾದಿನಿ ಅತ್ತಿಗೆ ಸೇರಿ ಕಟ್ಟಿದ ಕಥೆ ಅಂದ್ರೆ ಏನ್ಮಾಡ್ತೀಯ?" ಎಂದರು. ನನಗೆ ರೇಗಿಹೋಯಿತು. "ಕಥೆಯೋ ನಿಜವೋ ರಂಗದ ಮೇಲೆ ಬನ್ನಿ, ತೋರಿಸ್ತೀನಿ" ಎಂದೆ. ಕುರ್ಚಿ ಸರಿಸಿ ಎಲ್ಲರೂ ಎದ್ದರು. ನಿಮ್ಮಣ್ಣನನ್ನೂ ಕರೆಸಿದರು.

ಕಿಟಕಿಯ ಕೆಳಗೆ ಒಂದು ಸ್ಟೂಲ್ ಇಟ್ಟೆ. ಮೊದಲು, ಈಗಿರುವ ಹಾಗೇ. ಕಿಟಕಿಗೆ ಅದರ ಎತ್ತರ, ಆಮೇಲೆ ಬಾಗಿಲಿಗೆ ಸೊನ್ನೆ, ಆಮೇಲೆ ಬಟನ್. ಕಿಟಕಿ ಬಂದು ಆಳೆತ್ತರಕ್ಕಿಂತ ಮೇಲೆ ತೆಪ್ಪಗೆ ನಿಂತಿತು. "ಈಗ ಗೀಟು ಹಾಕಿ" ಎಂದು ನಿಮ್ಮಣ್ಣನಿಗೆ ಹೇಳಿದೆ. ಅವರು ಕೀಬೋರ್ಡ್ ಮುಂದೆ ಕೂತರು, ಬೆರಳು ಏಳಲಿಲ್ಲ. ಮ್ಯಾನೇಜರ್ "ಹಾಕ್ರೀ" ಎಂದು ಗದರಿದರು. ಹಾಕಿದರು. ನಾನು ಅದೇ ಅಂಕಿಗಳನ್ನೇ ಅದೇ ಕ್ರಮದಲ್ಲಿ ಹಾಕಿ, ಎಲ್ಲರೂ ನೋಡುವ ಹಾಗೆ ಒತ್ತಿದೆ.

ಸ್ಟೂಲಿನ ಒಂದು ಕಾಲು ಮುರಿದು ಮೊದಲನೆಯ ಸಾಲಿನವರೆಗೆ ಹಾರಿತು. ಮ್ಯಾನೇಜರ್ ನನ್ನ ಕಡೆ ನೋಡದೆ ಕೇಳಿದರು: "ಇದನ್ನ ಹಾಕಿದ್ದು ಯಾರು?"

"ನಾನು" ಎಂದರು ನಿಮ್ಮಣ್ಣ. "ತೆಗೆದಿದ್ದೂ ನಾನೇ."

ಅಷ್ಟು ಹೇಳಿದರು, ಒಪ್ಪುತ್ತೇನೆ. ಸುಳ್ಳು ಹೇಳಲಿಲ್ಲ. ಆದರೆ ಸ್ಟೂಲ್ ಮುರಿಯುವವರೆಗೂ ಹೇಳಲಿಲ್ಲ ಎನ್ನುವುದನ್ನೂ ನಾನು ಮರೆಯುವುದಿಲ್ಲ. ಅವರನ್ನು ಕೆಲಸದಿಂದ ತೆಗೆದರು, ನನ್ನನ್ನು ವಾಪಸ್ ಕರೆದರು. ಮ್ಯಾನೇಜರ್ "ಆಗಿದ್ದು ಆಗಿಹೋಯ್ತು" ಎಂದರು. ಆಗಿಹೋದದ್ದು ಅವರಿಗೆ. ಆ ಹುಡುಗಿಯ ಕೈ ಭುಜದಿಂದ ಮೇಲೆ ಏಳುವುದಿಲ್ಲವಂತೆ, ಡಾಕ್ಟರ್ ಈಗ ಬಾಯಿಬಿಟ್ಟಿದ್ದಾರೆ. ನಾನು ಮತ್ತೆ ಹೋದೆ, ನಡೆದದ್ದೆಲ್ಲ ಹೇಳಿದೆ. ತಾಯಿ ಕುರ್ಚಿ ತೋರಿಸಿದರು. ಹುಡುಗಿ ಗೀಟಿನ ಕಥೆಯನ್ನೆಲ್ಲ ಕೇಳಿ ಒಂದೇ ಪ್ರಶ್ನೆ ಕೇಳಿದಳು: "ಅಕ್ಕಾ, ನನ್ನ ಪಾತ್ರ ಈಗ ಯಾರು ಮಾಡ್ತಾರೆ?"

ಈಗ ನಿನ್ನ ಸರದಿ. ನೀನು ಸತ್ಯ ಬರೆದೆ. ಅದಕ್ಕೆ ಕೈ ಮುಗಿಯುತ್ತೇನೆ ಎಂದುಕೊಂಡಿದ್ದೀಯೇನೋ. ಅಷ್ಟು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದೆ, ಆ ದಿನಗಳಲ್ಲಿ ನಾನು ಆಸ್ಪತ್ರೆಯ ಬಾಗಿಲಲ್ಲಿ ಅನ್ನಿಸಿಕೊಂಡು ಬಂದೆ. ಅದೊಂದು. ಇನ್ನೊಂದು ಅದಕ್ಕಿಂತ ದೊಡ್ಡದು. ನಿಮ್ಮಣ್ಣ ಗೀಟು ಎಳೆದದ್ದು ನಾನು ಕೇಳಿದ್ದಕ್ಕೆ. ನಾನು ಕೇಳಿದ್ದು ತಪ್ಪಾ? ತಲೆಯ ಮೇಲೆ ಮರದ ಚೌಕಟ್ಟು ಇಳಿಸುವವಳಿಗೆ, ಅದು ಎಲ್ಲಿ ನಿಲ್ಲುತ್ತದೆಂದು ಬಟನ್ ಒತ್ತುವ ಮೊದಲು ಕಾಣಬೇಕೋ ಬೇಡವೋ? ಆರು ವರ್ಷದ ಹಿಂದೆ ಬರೆಯುವಾಗ ನಿನಗೆ ಅದು ಹೊಳೆಯಲೇ ಇಲ್ಲ. ಒತ್ತುವವರು ಒತ್ತಿದರೆ ಸಾಕು, ನೋಡಿ ಏನಾಗಬೇಕಿದೆ ಎಂದುಕೊಂಡೆ. ಆ ಗೀಟು ನಿನ್ನದಲ್ಲ, ಸರಿ. ಗೀಟು ಬೇಕಾಗುವ ಹಾಗೆ ಬರೆದವಳು ನೀನೇ.

ಸೋಮವಾರದಿಂದ ಆ ಕಿಟಕಿಯ ಕೆಳಗೆ ಹೊಸ ಹುಡುಗಿ ನಿಲ್ಲುತ್ತಾಳೆ. ಬಟನ್ ಒತ್ತುವವಳು ನಾನು. ಕಾಣದೆ ಒತ್ತುವುದಿಲ್ಲವೆಂದು ಮ್ಯಾನೇಜರಿಗೆ ಹೇಳಿದ್ದೇನೆ, ಬೇಕಾದರೆ ಮತ್ತೆ ಸಸ್ಪೆಂಡ್ ಮಾಡಲಿ. ಅದಕ್ಕೆ ಮುಂಚೆ ನೀನು ಇಲ್ಲಿರಬೇಕು. ಪತ್ರ ಬೇಡ, ಫೋನ್ ಬೇಡ. ಕಂಟ್ರೋಲ್ ರೂಮಿನಲ್ಲಿ ಎರಡು ಕುರ್ಚಿ ಇವೆ. ಒಂದರಲ್ಲಿ ನೀನು ಕೂತು ಬರಿ. ನಾನು ಪಕ್ಕದಲ್ಲಿ ಕೂತಿರುತ್ತೇನೆ, ಅರ್ಥವಾಗದಿದ್ದ ಕಡೆಯಲ್ಲೆಲ್ಲ ತಡೆದು ಕೇಳುತ್ತೇನೆ. ನನ್ನ ಕಣ್ಣಿಗೆ ಕಾಣುವವರೆಗೆ ಕುರ್ಚಿಯಿಂದ ಏಳಲು ಬಿಡುವುದಿಲ್ಲ.

ನಿನ್ನ ಅತ್ತಿಗೆ